ಬಜೆಟ್ ದಿನ ಸಚಿವರ ಹಿಂದೆ ನಿಲ್ಲುವವರು ಯಾರು? ನಮ್ಮ ಊರಿಂದ ಅಲ್ಲಿಗೆ ದಾರಿ ಹೇಗೆ?

ತೀರ್ಥಹಳ್ಳಿ ಟೀಚರ್

ಎಲ್ಲರಿಗೂ ನಮಸ್ಕಾರ. ನನ್ನ ಹಳೆ ವಿದ್ಯಾರ್ಥಿನಿ ಒಬ್ಬಳು ಈಗ ಶಿವಮೊಗ್ಗದಲ್ಲಿ ಬಿ.ಕಾಂ. ಕೊನೆ ವರ್ಷ. ಮನೆಯಲ್ಲಿ ಸಣ್ಣ ಅಡಿಕೆ ತೋಟ, ಎರಡು ದನ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಲೆಕ್ಕದಲ್ಲಿ ತುಂಬ ಚುರುಕು.

ಬಜೆಟ್ ದಿನ ಪೇಪರಿನಲ್ಲಿ ಒಂದು ಫೋಟೋ ಬರುತ್ತದಲ್ಲ, ಹಣಕಾಸು ಸಚಿವೆ ಕೆಂಪು ಬಟ್ಟೆಯ ಚೀಲ ಹಿಡಿದು ಮುಂದೆ, ಅಧಿಕಾರಿಗಳು ಸಾಲಾಗಿ ಹಿಂದೆ. ಅದನ್ನು ನನಗೆ ಕಳಿಸಿ, "ಮಿಸ್, ಹಿಂದೆ ನಿಂತವರು ಯಾರು? ಅವರು ಜೀವನವಿಡೀ ಏನು ಕೆಲಸ ಮಾಡುತ್ತಾರೆ?" ಅಂತ ಕೇಳಿದಳು. ಐಎಎಸ್ ಇರಬೇಕು ಅಂದೆ. ಅದಕ್ಕಿಂತ ಜಾಸ್ತಿ ಹೇಳುವುದಕ್ಕೆ ನನಗೆ ಗೊತ್ತಿರಲಿಲ್ಲ.

ಐಎಎಸ್ ಒಂದೇ ದಾರಿಯಾ? ಕನ್ನಡದಲ್ಲಿ ಪರೀಕ್ಷೆ ಬರೆಯಬಹುದಾ? ಆ ಕೆಲಸದಲ್ಲಿ ಒಳ್ಳೆಯವರು ಅಂದರೆ ಎಂಥವರು? ಗೊತ್ತಿರುವವರು ಬಿಡಿಸಿ ಹೇಳಿ. ಅವಳೂ ಓದುತ್ತಾಳೆ.

ಶಂಕರಘಟ್ಟ ಅರ್ಥಶಾಸ್ತ್ರ

ಮೇಡಂ, ಫೋಟೋದಲ್ಲಿ ಇರುವವರು ಹೆಚ್ಚಾಗಿ ಕಾರ್ಯದರ್ಶಿಗಳು. ಹಣಕಾಸು ಸಚಿವಾಲಯದ ಒಳಗೆ ಆರು ಇಲಾಖೆಗಳಿವೆ. ಆರ್ಥಿಕ ವ್ಯವಹಾರ, ವೆಚ್ಚ, ಕಂದಾಯ, ಹಣಕಾಸು ಸೇವೆಗಳು, ಸರ್ಕಾರದ ಷೇರು ಮಾರಾಟ ನೋಡಿಕೊಳ್ಳುವ ದೀಪಂ, ಮತ್ತೆ 2021ರಲ್ಲಿ ಬಂದು ಸೇರಿದ ಸಾರ್ವಜನಿಕ ಉದ್ಯಮಗಳ ಇಲಾಖೆ. ಬಜೆಟ್ ತಯಾರಾಗುವುದು ಆರ್ಥಿಕ ವ್ಯವಹಾರ ಇಲಾಖೆಯ ಬಜೆಟ್ ವಿಭಾಗದಲ್ಲಿ. ದುಡ್ಡು ಖರ್ಚಿಗೆ ಒಪ್ಪಿಗೆ ಕೊಡುವುದು ವೆಚ್ಚ ಇಲಾಖೆ. ತೆರಿಗೆಯೆಲ್ಲ ಕಂದಾಯ ಇಲಾಖೆ. ಈ ಕಾರ್ಯದರ್ಶಿಗಳಲ್ಲಿ ಸೇವೆಯಲ್ಲಿ ಹಿರಿಯರಾದವರಿಗೆ 'ಹಣಕಾಸು ಕಾರ್ಯದರ್ಶಿ' ಅನ್ನುವ ಪದನಾಮ ಕೊಡುತ್ತಾರೆ.

ದಾರಿ ಒಂದಲ್ಲ. ಕಾರ್ಯದರ್ಶಿ ಕುರ್ಚಿಗೆ ಬರುವವರು ಬಹುಪಾಲು ಐಎಎಸ್‌ನವರೇ, ಅದು ನಿಜ. ಆದರೆ ನೇರ ತೆರಿಗೆ ಮಂಡಳಿ, ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿ ಎರಡನ್ನೂ ನಡೆಸುವವರು ಐಆರ್‌ಎಸ್, ಅಂದರೆ ಇಂಡಿಯನ್ ರೆವೆನ್ಯೂ ಸರ್ವಿಸ್ ಅಧಿಕಾರಿಗಳು. ಸರ್ಕಾರದ ಲೆಕ್ಕ ಬರೆಯುವುದಕ್ಕೆ ಸಿವಿಲ್ ಅಕೌಂಟ್ಸ್ ಸೇವೆ ಅಂತ ಬೇರೆಯೇ ಇದೆ. ಇವೆಲ್ಲಕ್ಕೂ ಒಂದೇ ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಪರೀಕ್ಷೆ. ರ‍್ಯಾಂಕ್ ನೋಡಿ ಸೇವೆ ಸಿಗುತ್ತದೆ.

ಇನ್ನೊಂದು ದಾರಿ ನಮ್ಮ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. ಇಂಡಿಯನ್ ಎಕನಾಮಿಕ್ ಸರ್ವಿಸ್. ಅರ್ಥಶಾಸ್ತ್ರದಲ್ಲಿ ಎಂ.ಎ. ಆಗಿರಬೇಕು, ವಯಸ್ಸು 21ರಿಂದ 30. ಅದಕ್ಕೆ ಯುಪಿಎಸ್‌ಸಿ ಬೇರೆ ಪರೀಕ್ಷೆ ಮಾಡುತ್ತದೆ. ಪ್ರತಿ ವರ್ಷ ಬಜೆಟ್‌ಗೆ ಮುಂಚೆ ಬರುವ ಆರ್ಥಿಕ ಸಮೀಕ್ಷೆಯನ್ನು ಮುಖ್ಯ ಆರ್ಥಿಕ ಸಲಹೆಗಾರರ ಕೈಕೆಳಗೆ ಈ ಸೇವೆಯವರು ಬರೆಯುತ್ತಾರೆ.

ಪರೀಕ್ಷೆಯೇ ಬರೆಯದೆ ಒಳಗೆ ಹೋದವರೂ ಇದ್ದಾರೆ. ಮನಮೋಹನ್ ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು. 1972ರಲ್ಲಿ ಮುಖ್ಯ ಆರ್ಥಿಕ ಸಲಹೆಗಾರರಾದರು, 1976ರಲ್ಲಿ ಆರ್ಥಿಕ ವ್ಯವಹಾರ ಇಲಾಖೆಯ ಕಾರ್ಯದರ್ಶಿ, 1982ರಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್. ಸಚಿವರಾಗಿದ್ದು 1991ರಲ್ಲಿ. ಆದರೆ ಅಂಥ ಬಾಗಿಲು ತೆರೆಯುವುದು ಬಹಳ ಅಪರೂಪ. ಅದನ್ನು ನಂಬಿಕೊಂಡು ಕೂರುವ ಹಾಗಿಲ್ಲ.

ಹೊಸನಗರ–ದಿಲ್ಲಿ

ನಾನು ಹೊಸನಗರದ ಕಡೆಯವನು. ದಿಲ್ಲಿಯಲ್ಲಿ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಶಂಕರಘಟ್ಟ ಸರ್ ಹೇಳದ ಇನ್ನೊಂದು ದಾರಿಯಿಂದ ಬಂದವನು. ಎಸ್‌ಎಸ್‌ಸಿಯವರು (ಸ್ಟಾಫ್ ಸೆಲೆಕ್ಷನ್ ಕಮಿಷನ್) ಡಿಗ್ರಿ ಆದವರಿಗೆ ನಡೆಸುವ ಸಿಜಿಎಲ್ ಪರೀಕ್ಷೆ ಬರೆದು ಎಎಸ್‌ಒ, ಅಂದರೆ ಅಸಿಸ್ಟೆಂಟ್ ಸೆಕ್ಷನ್ ಆಫೀಸರ್ ಆಗಿ ಸೇರಿದೆ. ಆಮೇಲೆ ಸೆಕ್ಷನ್ ಆಫೀಸರ್, ಅಂಡರ್ ಸೆಕ್ರೆಟರಿ, ಡೆಪ್ಯುಟಿ ಸೆಕ್ರೆಟರಿ, ಡೈರೆಕ್ಟರ್ ಅಂತ ಮೇಲೆ ಹೋಗುತ್ತದೆ. ಕಾರ್ಯದರ್ಶಿ ಆಗುವುದು ಕಷ್ಟ. ಆದರೆ ಸರ್ಕಾರ ಒಳಗಿಂದ ಹೇಗೆ ನಡೆಯುತ್ತದೆ ಅಂತ ನೋಡುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಐಎಎಸ್‌ನವರ ದಾರಿ ಹೀಗಿರುತ್ತದೆ. ಮಸ್ಸೂರಿಯಲ್ಲಿ ತರಬೇತಿ. ಕೇಡರ್, ಅಂದರೆ ಕೆಲಸ ಮಾಡುವ ರಾಜ್ಯ, ಕರ್ನಾಟಕ ಸಿಕ್ಕರೆ ಮೊದಲು ಉಪವಿಭಾಗಾಧಿಕಾರಿ. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ, ಸಾಗರ ಎರಡು ಉಪವಿಭಾಗ. ಆಮೇಲೆ ಜಿಲ್ಲಾ ಪಂಚಾಯ್ತಿ ಸಿಇಒ, ಜಿಲ್ಲಾಧಿಕಾರಿ, ಬೆಂಗಳೂರಿನಲ್ಲಿ ಯಾವುದಾದರೂ ಇಲಾಖೆ. ನಂತರ ಕೇಂದ್ರಕ್ಕೆ ಎರವಲು ಸೇವೆ. 2007ರ ಬ್ಯಾಚಿನಿಂದ ಈಚೆಗಿನವರು ಜಂಟಿ ಕಾರ್ಯದರ್ಶಿ ಪಟ್ಟಿಗೆ ಸೇರಬೇಕಾದರೆ ಕೇಂದ್ರದಲ್ಲಿ ಡೆಪ್ಯುಟಿ ಸೆಕ್ರೆಟರಿ ಅಥವಾ ಡೈರೆಕ್ಟರ್ ಆಗಿ ಎರಡು ವರ್ಷ ಕೆಲಸ ಮಾಡಿರಲೇಬೇಕು. ಜಂಟಿ ಕಾರ್ಯದರ್ಶಿ ಆದಮೇಲೆ ಹೆಚ್ಚುವರಿ ಕಾರ್ಯದರ್ಶಿ, ಕೊನೆಗೆ ಕಾರ್ಯದರ್ಶಿ. ಅಲ್ಲಿಗೆ ಮೂವತ್ತು ವರ್ಷ ಮೀರಿರುತ್ತದೆ. ಅರವತ್ತಕ್ಕೆ ನಿವೃತ್ತಿ. ಹಾಗಾಗಿ ಆ ಕುರ್ಚಿಯಲ್ಲಿ ಕೂರುವುದು ಕೆಲವೇ ವರ್ಷ, ಕೆಲವರಿಗೆ ಕೆಲವೇ ತಿಂಗಳು. ಶುರುವಿನ ಮೂಲ ವೇತನ ತಿಂಗಳಿಗೆ 56,100 ರೂಪಾಯಿ. ಕಾರ್ಯದರ್ಶಿಗೆ 2,25,000. ಅದೇ ವಯಸ್ಸಿನ ಬ್ಯಾಂಕಿಂಗ್ ಕಂಪನಿಯವರ ಜೊತೆ ಹೋಲಿಸಿದರೆ ಅದು ಏನೂ ಅಲ್ಲ. ದುಡ್ಡಿಗಾಗಿ ಬರುವವರು ಬರಬೇಡಿ ಅಂತ ನಾನು ನೇರವಾಗಿ ಹೇಳುತ್ತೇನೆ.

ದಿನದ ಕೆಲಸ ಅಂದರೆ ಕಡತ. ಮೊದಲು ಹಸಿರು ಹಾಳೆಯ ಮೇಲೆ ಟಿಪ್ಪಣಿ ಬರೆಯುತ್ತಿದ್ದರು. ಈಗ ಇ-ಆಫೀಸ್, ಕಂಪ್ಯೂಟರಿನಲ್ಲೇ. ನಮ್ಮ ಸಚಿವಾಲಯಕ್ಕೆ ಒಂದು ಹೊಸ ಯೋಜನೆ ಬೇಕು ಅಂತ ಇಟ್ಟುಕೊಳ್ಳಿ. ನಾವು ಪ್ರಸ್ತಾವ ಬರೆಯುತ್ತೇವೆ. ನಮ್ಮಲ್ಲೇ ಕೂತಿರುವ ಆರ್ಥಿಕ ಸಲಹೆಗಾರರು ನೋಡುತ್ತಾರೆ. ಮೊತ್ತ ದೊಡ್ಡದಿದ್ದರೆ ವೆಚ್ಚ ಕಾರ್ಯದರ್ಶಿ ಅಧ್ಯಕ್ಷರಾಗಿರುವ ವೆಚ್ಚ ಹಣಕಾಸು ಸಮಿತಿಗೆ ಹೋಗುತ್ತದೆ. ಅಲ್ಲಿಂದ ಪ್ರಶ್ನೆಗಳು ವಾಪಸ್ ಬರುತ್ತವೆ. ಇದೇ ಕೆಲಸಕ್ಕೆ ಬೇರೆ ಯೋಜನೆ ಆಗಲೇ ಇದೆಯಲ್ಲ? ಹೋದ ವರ್ಷ ಕೊಟ್ಟಿದ್ದರಲ್ಲಿ ಖರ್ಚು ಮಾಡದೆ ಉಳಿದದ್ದು ಎಷ್ಟು? ಐದು ವರ್ಷ ಆದಮೇಲೆ ಈ ಸಿಬ್ಬಂದಿಗೆ ಸಂಬಳ ಯಾರು ಕೊಡುತ್ತಾರೆ? ಮೂರನೆಯ ಪ್ರಶ್ನೆ ಬಂದರೆ ನಮ್ಮ ಕಡೆ ಎಲ್ಲರೂ ಮೌನ.

ಬಜೆಟ್ ಕೆಲಸ ಮಳೆಗಾಲ ಮುಗಿಯುವ ಹೊತ್ತಿಗೇ ಸುತ್ತೋಲೆಯಿಂದ ಶುರುವಾಗುತ್ತದೆ. ಫೆಬ್ರವರಿ 1ಕ್ಕೆ ಬಜೆಟ್ ಮಂಡಿಸುವುದು 2017ರಿಂದ. ಕೊನೆಯ ದಿನಗಳಲ್ಲಿ ಸಂಪ್ರದಾಯದಂತೆ ಸಚಿವಾಲಯದಲ್ಲಿ ಹಲ್ವಾ ಹಂಚಿದ ಮೇಲೆ ತಯಾರಿಯಲ್ಲಿ ಇರುವ ಸಿಬ್ಬಂದಿ ಮನೆಗೂ ಹೋಗುವ ಹಾಗಿಲ್ಲ, ಫೋನೂ ಇಲ್ಲ. ಭಾಷಣ ಮುಗಿದ ಮೇಲೇ ಹೊರಗೆ.

ಸಾಗರ ತೋಟದಮನೆ

ಎಲ್ಲ ಓದಿದೆ. ಒಳ್ಳೆಯ ಮಾಹಿತಿ. ಆದರೆ ಕೇಳಲೇಬೇಕು ಅನ್ನಿಸಿದ್ದು ಒಂದಿದೆ. ಈ ದೊಡ್ಡ ಅಧಿಕಾರಿಗಳಿಗೆ ಅಡಿಕೆ ಅಂದರೆ ಏನು ಅಂತ ಗೊತ್ತಾ? ನಮ್ಮ ಅಡಿಕೆ ಮಾರಾಟ ಸಹಕಾರ ಸಂಘ ಮಾಮ್‌ಕೋಸ್‌ನಲ್ಲಿ ರಾಶಿ ಬೇರೆ, ಬೆಟ್ಟೆ ಬೇರೆ, ಸರಕು ಬೇರೆ, ಗೊರಬಲು ಬೇರೆ. ನಮ್ಮ ಸಾಗರದಲ್ಲಿ ಚಾಲಿ, ಸಿಪ್ಪೆಗೋಟು, ಕೋಕ. ಒಂದೊಂದಕ್ಕೂ ಒಂದೊಂದು ದರ. ದಿಲ್ಲಿಯಲ್ಲಿ ಎಲ್ಲವೂ ಒಂದೇ 'ಅಡಿಕೆ'. ಹೊರದೇಶದ ಮಾಲು ಬಂದಾಗ ಇಲ್ಲಿ ಧಾರಣೆ ಬೀಳುತ್ತದೆ. 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಬೆಲೆಯ ಷರತ್ತೇ ಇಲ್ಲದೆ ಬಿಟ್ಟರು. ಆಗ ನಾವು ಯಾರನ್ನು ಕೇಳಬೇಕಿತ್ತು?

ಶಂಕರಘಟ್ಟ ಅರ್ಥಶಾಸ್ತ್ರ

ಸಾಗರದ ಅಣ್ಣ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಯಾವ ಕೆಲಸ ಯಾರದ್ದು ಅಂತ ಬಿಡಿಸಿ ನೋಡೋಣ. ಆಮದಿನ ಕನಿಷ್ಠ ಬೆಲೆ ಅಂದರೆ ಇದಕ್ಕಿಂತ ಅಗ್ಗದ ಮಾಲು ಒಳಗೆ ಬರಬಾರದು ಅನ್ನುವ ದರ. ಅದನ್ನು 2023ರ ಫೆಬ್ರವರಿಯಲ್ಲಿ ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ದು, ವಾಣಿಜ್ಯ ಸಚಿವಾಲಯದ ಕೈಕೆಳಗಿನ ವಿದೇಶ ವ್ಯಾಪಾರ ನಿರ್ದೇಶನಾಲಯ. ಭೂತಾನಿನ ಆದೇಶವೂ ಅಲ್ಲಿಂದಲೇ ಬಂದದ್ದು. ಆಮದು ಸುಂಕ ಮಾತ್ರ ಹಣಕಾಸು ಸಚಿವಾಲಯದ ಕಂದಾಯ ಇಲಾಖೆಯದ್ದು. ಅಡಿಕೆಗೆ ಅದು ನೂರಕ್ಕೆ ನೂರು ಇದೆ. ಒಣ ಅಡಿಕೆಯ ಮೇಲಿನ ಶೇ 5 ಜಿಎಸ್‌ಟಿಯನ್ನು ತೀರ್ಮಾನಿಸುವುದು ಜಿಎಸ್‌ಟಿ ಮಂಡಳಿ. ಅದರಲ್ಲಿ ಕೇಂದ್ರಕ್ಕೆ ಮೂರರಲ್ಲಿ ಒಂದು ಭಾಗ ಮತ, ರಾಜ್ಯಗಳಿಗೆಲ್ಲ ಸೇರಿ ಎರಡು ಭಾಗ. ಕೇಂದ್ರದ ಕಂದಾಯ ಕಾರ್ಯದರ್ಶಿಯೇ ಆ ಮಂಡಳಿಗೂ ಕಾರ್ಯದರ್ಶಿ.

ಸುಂಕ ಇಷ್ಟು ಜಾಸ್ತಿ ಇರುವುದರಿಂದಲೇ ಕಳ್ಳಸಾಗಣೆ. ಬರ್ಮಾ ಗಡಿಯಿಂದ ಬರುತ್ತದೆ. ಬಂದರಿನಲ್ಲಿ ಬೇರೆ ಸರಕಿನ ಹೆಸರು ಬರೆಸಿ ಕಂಟೇನರಿನಲ್ಲಿ ಬರುತ್ತದೆ. ಅದನ್ನು ಹಿಡಿಯುವುದು ಕಂದಾಯ ಗುಪ್ತಚರ ನಿರ್ದೇಶನಾಲಯ. ಅಲ್ಲಿರುವವರು ಕಸ್ಟಮ್ಸ್ ಕಡೆಯ ಐಆರ್‌ಎಸ್ ಅಧಿಕಾರಿಗಳು. ಯಾವುದೋ ಬಂದರಿನಲ್ಲಿ ಒಬ್ಬ ಅಧಿಕಾರಿ ಕಂಟೇನರ್ ಬಾಗಿಲು ತೆಗೆಸಿ ನೋಡುವುದಕ್ಕೂ ನಿಮ್ಮ ಚಾಲಿಯ ಧಾರಣೆಗೂ ಸಂಬಂಧ ಇದೆ. ನಮ್ಮ ಊರಿನ ಮಕ್ಕಳು ಐಆರ್‌ಎಸ್ ಅಂದರೆ ಬರೀ ಇನ್‌ಕಮ್ ಟ್ಯಾಕ್ಸ್ ದಾಳಿ ಅಂದುಕೊಂಡಿದ್ದಾರೆ. ಇದನ್ನೂ ತಿಳಿದುಕೊಳ್ಳಲಿ.

ಭದ್ರಾವತಿ ಪೇಪರ್‌ಟೌನ್

ಅಡಿಕೆ ಮಾತು ಬಂತು. ನಾನು ಕಬ್ಬಿಣದ ಮಾತು ಆಡುತ್ತೇನೆ. ನಮ್ಮ ಮನೆಯಲ್ಲಿ ಎರಡು ತಲೆಮಾರು ವಿಐಎಸ್‌ಎಲ್, ಅಂದರೆ ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಉಕ್ಕಿನ ಕಾರ್ಖಾನೆಯ ಕೆಲಸ. 1918ರಲ್ಲಿ ಕಟ್ಟುವುದಕ್ಕೆ ಶುರು ಮಾಡಿದ ಕಾರ್ಖಾನೆ, 1923ರಲ್ಲಿ ಕಬ್ಬಿಣ ಬಂತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಸೌದೆ. 1989ರಲ್ಲಿ ಕೇಂದ್ರ ಸರ್ಕಾರದ ಉಕ್ಕಿನ ಕಂಪನಿ ಸೈಲ್ ಕೈಗೆ ಹೋಯಿತು. 1998ರಲ್ಲಿ ಅದರಲ್ಲೇ ವಿಲೀನ. 2016ರಲ್ಲಿ ಮಾರುವುದಕ್ಕೆ ತಾತ್ವಿಕ ಒಪ್ಪಿಗೆ. 2019ರಲ್ಲಿ ಕೊಳ್ಳುವವರು ಮುಂದೆ ಬನ್ನಿ ಅಂತ ಕರೆದರು. 2022ರ ಅಕ್ಟೋಬರಿನಲ್ಲಿ ಮಾರಾಟ ಕೈಬಿಟ್ಟರು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನ ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು.

ಮಾರಾಟದ ಕಡತ ನಡೆಸಿದ್ದು ಈ ಹಣಕಾಸು ಸಚಿವಾಲಯದ ದೀಪಂ ಇಲಾಖೆಯೇ. ಮೇಲೆ ಶಂಕರಘಟ್ಟ ಸರ್ ಆರು ಇಲಾಖೆಯಲ್ಲಿ ಅದರ ಹೆಸರು ಒಂದು ಸಾಲಿನಲ್ಲಿ ಹೇಳಿ ಹೋದರು. ನಮಗೆ ಆ ಒಂದು ಸಾಲು ಅಂದರೆ ನ್ಯೂಟೌನಿನ ಖಾಲಿ ಕ್ವಾರ್ಟರ್ಸ್, ಮುಚ್ಚಿದ ಹೋಟೆಲು, ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ ಹುಡುಗರು. ಆ ಕಡತ ನೋಡಿದವರಲ್ಲಿ ಒಬ್ಬರಾದರೂ ಭದ್ರಾವತಿಯಲ್ಲಿ ಒಂದು ರಾತ್ರಿ ಉಳಿದಿದ್ದರಾ ಅಂತ ತಿಳಿಯಬೇಕು ನನಗೆ.

ಹೊಸನಗರ–ದಿಲ್ಲಿ

ಭದ್ರಾವತಿಯವರೇ, ನಿಮ್ಮ ನೋವಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಆ ಕಡತ ಹೇಗೆ ಸಾಗುತ್ತದೆ ಅಂತ ಹೇಳಬಲ್ಲೆ. ಯಾವ ಕಾರ್ಖಾನೆ ಮಾರಬೇಕು ಅನ್ನುವುದು ಸಚಿವ ಸಂಪುಟದ ಮಟ್ಟದ ತೀರ್ಮಾನ. ಅದಕ್ಕೆ ಮುಂಚೆ ಸಂಪುಟ ಕಾರ್ಯದರ್ಶಿ ಅಧ್ಯಕ್ಷರಾಗಿರುವ ಕಾರ್ಯದರ್ಶಿಗಳ ಗುಂಪು ನೋಡುತ್ತದೆ. ದೀಪಂ ಕಾರ್ಯದರ್ಶಿ ಅದನ್ನು ಜಾರಿಗೆ ತರುತ್ತಾರೆ. ಅಧಿಕಾರಿ ತನ್ನ ಅಭಿಪ್ರಾಯ ಬರೆಯಬಹುದು, ಬರೆಯಲೇಬೇಕು. ಸಂಪುಟ ಒಪ್ಪಿದ ಮೇಲೆ ನಡೆಸಿಕೊಡಬೇಕು.

ಆ ಅಭಿಪ್ರಾಯದ ಜಾಗದಲ್ಲೇ ನೀವು ಕೇಳಿದ ಪ್ರಶ್ನೆ ಬರುತ್ತದೆ. ನಷ್ಟದ ಅಂಕಿ ಎಲ್ಲರಿಗೂ ಕಾಣುತ್ತದೆ. ಊರು ಕಾಣಬೇಕಾದರೆ ಯಾರಾದರೂ ಅದನ್ನು ಟಿಪ್ಪಣಿಯಲ್ಲಿ ಬರೆಯಬೇಕು. ಬರೆಯದೆ ಇದ್ದರೆ ಮೇಲಿನವರ ಕಣ್ಣಿಗೆ ಅದು ಬೀಳುವುದೇ ಇಲ್ಲ.

ನಿವೃತ್ತ ಖಜಾನೆ

ನಾನು ರಾಜ್ಯ ಖಜಾನೆ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು. ಈಗ ಶಿವಮೊಗ್ಗದಲ್ಲೇ ಇದ್ದೇನೆ. ದಿಲ್ಲಿ ಕಂಡವನಲ್ಲ. ಆದರೆ ಟೀಚರಮ್ಮ ಕೇಳಿದ ಮೂರನೆಯ ಪ್ರಶ್ನೆ, ಒಳ್ಳೆಯವರು ಅಂದರೆ ಎಂಥವರು ಅನ್ನುವುದು, ಅದಕ್ಕೆ ಯಾರೂ ಕೈ ಹಾಕಲಿಲ್ಲ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮಾರ್ಚ್ 31ರ ರಾತ್ರಿ ಖಜಾನೆ ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಖಜಾನೆ-2 ತಂತ್ರಾಂಶ ಬರುವ ಮುಂಚಿನ ಕಾಲ ಹೇಳುತ್ತೇನೆ. ಟೇಬಲಿನ ಮೇಲೆ ಬಿಲ್ಲುಗಳ ಕಟ್ಟು. ಟೋಕನ್ ಹಿಡಿದು ನಿಂತ ಗುಮಾಸ್ತರು. ಹೊರಗೆ ಜೀಪಿನಲ್ಲಿ ಕಾಯುವ ಅಧಿಕಾರಿಗಳು. ಹನ್ನೆರಡು ಹೊಡೆದರೆ ಅನುದಾನ ಲ್ಯಾಪ್ಸ್. ಹಾಗಾಗಿ ಕೆಲಸವೇ ಆಗದ ಬಿಲ್ಲೂ ಬರುತ್ತದೆ. ಎಸಿ ಬಿಲ್ಲಿನಲ್ಲಿ, ಅಂದರೆ ಖರ್ಚಿನ ವಿವರ ಆಮೇಲೆ ಕೊಡುವ ಬಿಲ್ಲಿನಲ್ಲಿ, ಮುಂಗಡ ತೆಗೆದು ಎಲ್ಲೋ ಇಟ್ಟುಕೊಳ್ಳುವ ಆಸೆಯೂ ಬರುತ್ತದೆ. ಒಂದು ಸಲ ದೊಡ್ಡ ಮೊತ್ತದ ಬಿಲ್ಲು ಬಂತು. ಲೆಕ್ಕಶೀರ್ಷಿಕೆ, ಅಂದರೆ ಖರ್ಚು ಯಾವ ಬಾಬ್ತಿಗೆ ಅಂತ ತೋರಿಸುವ ಸಂಖ್ಯೆ, ಸರಿ ಇತ್ತು, ಸಹಿ ಸರಿ ಇತ್ತು. ಸಾಮಾನು ತಲುಪಿದ್ದಕ್ಕೆ ದಾಸ್ತಾನು ಪುಸ್ತಕದ ದೃಢೀಕರಣ ಮಾತ್ರ ಇರಲಿಲ್ಲ. "ನಾಳೆ ತಂದುಕೊಡುತ್ತೇವೆ, ಪಾಸ್ ಮಾಡಿ" ಅಂದರು. ಫೋನಿನ ಮೇಲೆ ಫೋನು. ನಮ್ಮ ಸಾಹೇಬರು ಯಾರಿಗೂ ದನಿ ಏರಿಸಲಿಲ್ಲ. ಆಕ್ಷೇಪಣೆ ಚೀಟಿಯ ಮೇಲೆ ನಿಯಮದ ಸಂಖ್ಯೆ ಬರೆದು, ಕಾರಣ ಎರಡು ಸಾಲು ಬರೆದು, ಸಹಿ ಹಾಕಿ ವಾಪಸ್ ಕೊಟ್ಟರು. "ಲಿಖಿತ ಆದೇಶ ತನ್ನಿ, ಈಗಲೇ ಪಾಸ್ ಮಾಡುತ್ತೇನೆ" ಅಂದರು. ಆ ರಾತ್ರಿ ಲಿಖಿತ ಆದೇಶ ಬರಲೇ ಇಲ್ಲ.

ಇದೇ ಕಥೆಯ ದೊಡ್ಡ ರೂಪ ದಿಲ್ಲಿಯಲ್ಲಿ 1957ರಲ್ಲಿ ನಡೆದಿದೆ. ಎಲ್‌ಐಸಿ ಹುಟ್ಟಿ ಒಂದು ವರ್ಷ ಆಗಿರಲಿಲ್ಲ. ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರನ್ನು ಸುಮಾರು 1 ಕೋಟಿ 24 ಲಕ್ಷ ರೂಪಾಯಿಗೆ ಕೊಂಡಿತು. ತನ್ನದೇ ಹೂಡಿಕೆ ಸಮಿತಿಯನ್ನು ಕೇಳಿರಲಿಲ್ಲ. ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಎತ್ತಿದರು. ಬಾಂಬೆಯ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಜನರೆದುರೇ ವಿಚಾರಣೆ ನಡೆಸಿದರು. ಪ್ರಧಾನ ಹಣಕಾಸು ಕಾರ್ಯದರ್ಶಿ ಎಚ್.ಎಂ. ಪಟೇಲ್, ಸಚಿವರಿಗೆ ತಿಳಿಸಿಯೇ ಮಾಡಿದ್ದು ಅಂದರು. ಸಚಿವ ಟಿ.ಟಿ. ಕೃಷ್ಣಮಾಚಾರಿ ಅದನ್ನು ಒಪ್ಪಲಿಲ್ಲ. ಕಾಗದದ ಮೇಲೆ ಸ್ಪಷ್ಟ ದಾಖಲೆ ಇರಲಿಲ್ಲ. 1958ರ ಫೆಬ್ರವರಿಯಲ್ಲಿ ಸಚಿವರು ರಾಜೀನಾಮೆ ಕೊಟ್ಟರು. ಪಟೇಲರ ಸರ್ಕಾರಿ ಸೇವೆಯೂ ಅಲ್ಲಿಗೆ ಮುಗಿಯಿತು. ಅದೇ ಪಟೇಲರು 1977ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರದಲ್ಲಿ ಹಣಕಾಸು ಸಚಿವರಾಗಿ ಬಂದರು. ಬುದ್ಧಿವಂತರು, ದಕ್ಷರು ಅಂತ ಎಲ್ಲರೂ ಒಪ್ಪಿದ್ದ ಮನುಷ್ಯ. ಬಾಯಿಮಾತಿನ ಮೇಲೆ ನಡೆದ ಒಂದು ವ್ಯವಹಾರ ಅವರ ಇಡೀ ವೃತ್ತಿಯನ್ನು ನುಂಗಿತು.

ಅದೇ ಸಚಿವರ ಜೊತೆ ಭಿನ್ನಾಭಿಪ್ರಾಯ ಬಂದು 1957ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಹುದ್ದೆ ಬಿಟ್ಟವರು ಬೆನಗಲ್ ರಾಮರಾವ್. ನಮ್ಮ ಮಂಗಳೂರಿನ ಕಡೆಯ ಮನೆತನದವರು, ಐಸಿಎಸ್ ಅಧಿಕಾರಿ. 1949ರಿಂದ ಆ ಹುದ್ದೆಯಲ್ಲಿ ಇದ್ದರು. ಅಷ್ಟು ದೀರ್ಘ ಕಾಲ ಗವರ್ನರ್ ಆಗಿದ್ದವರು ಇನ್ನೊಬ್ಬರಿಲ್ಲ. ಬ್ಯಾಂಕಿನ ಸ್ಥಾನಮಾನಕ್ಕೆ ಕುಂದು ಬಂತು ಅನ್ನಿಸಿದಾಗ ಕುರ್ಚಿಗೆ ಅಂಟಿಕೊಳ್ಳಲಿಲ್ಲ.

ಹಾಗಾಗಿ ಟೀಚರಮ್ಮ, ನಿಮ್ಮ ಹುಡುಗಿಗೆ ಹೇಳಿ. ಹಣಕಾಸು ಅಧಿಕಾರಿಗೆ ಬೇಕಾದ ಮೊದಲ ಗುಣ, ಆಗುವುದಿಲ್ಲ ಅನ್ನುವುದನ್ನು ಕಾರಣ ಸಮೇತ ಬರೆದು ಕೆಳಗೆ ಸಹಿ ಹಾಕುವ ಧೈರ್ಯ. ಮಿಕ್ಕ ಲೆಕ್ಕಶಾಸ್ತ್ರವನ್ನೆಲ್ಲ ತರಬೇತಿಯಲ್ಲಿ ಕಲಿಸುತ್ತಾರೆ.

ಆಗುಂಬೆ ಹೋಬಳಿ

ಖಜಾನೆ ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಆಗುವುದಿಲ್ಲ ಅಂತ ಬರೆಯುವುದನ್ನೇ ಮೊದಲ ಗುಣ ಅಂದರೆ ನಾನು ಒಪ್ಪಲಾರೆ.

ನಮ್ಮ ಊರಿಗೆ ಒಂದು ಕಾಲುಸಂಕ ಬೇಕಿತ್ತು. ನಮ್ಮ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ. ಜೂನ್ ಬಂತೆಂದರೆ ಹಳ್ಳ ಏರುತ್ತದೆ. ಆಚೆ ದಡದ ಮಕ್ಕಳು ಅಡಿಕೆ ದಬ್ಬೆ ಜೋಡಿಸಿದ ಸಂಕದ ಮೇಲೆ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಬಳ್ಳಿ ಹಿಡಿದು ಶಾಲೆಗೆ ಬರುತ್ತಿದ್ದವು. ದೊಡ್ಡ ಮಳೆ ದಿನ ಬರುತ್ತಲೇ ಇರಲಿಲ್ಲ. ಎಂಜಿನಿಯರ್ ಅಂದಾಜು ಮಾಡಿ ಕಳಿಸಿದರು. ಒಂದು ಸಂಕಕ್ಕೆ ಇಷ್ಟೇ ಅಂತ ಮಿತಿ ಇತ್ತು. ನಮ್ಮ ಹಳ್ಳ ಅಗಲ, ದಡ ಸಡಿಲ ಮಣ್ಣು, ಸಿಮೆಂಟು ತಲೆ ಮೇಲೆ ಹೊತ್ತು ತರಬೇಕು. ಮೊತ್ತ ಮಿತಿ ದಾಟಿತು. ಕಡತ ವಾಪಸ್. ಮತ್ತೆ ಕಳಿಸಿದರೆ ಇನ್ನೊಂದು ವಿವರಣೆ ಬೇಕು ಅಂತ ವಾಪಸ್. ಪ್ರತಿ ಸಲವೂ ನಿಯಮದ ಸಂಖ್ಯೆ ಸರಿಯಾಗಿಯೇ ಇತ್ತು. ಎರಡು ಮಳೆಗಾಲ ಹೋಯಿತು.

ಕೊನೆಗೆ ಹೊಸದಾಗಿ ಬಂದ ಒಬ್ಬ ಲೆಕ್ಕಾಧಿಕಾರಿ ಕಡತ ಓದಿ, "ಜಾಗ ನೋಡಬೇಕು" ಅಂತ ಬಂದರು. ಜುಲೈ ತಿಂಗಳು. ಪ್ಯಾಂಟು ಮಡಚಿಕೊಂಡು, ಉಂಬಳ ಕಚ್ಚಿಸಿಕೊಂಡು ಹಳ್ಳದವರೆಗೆ ನಡೆದರು. ಮಿತಿ ದಾಟಿದ್ದಕ್ಕೆ ಕಾರಣವನ್ನು ಅವರೇ ಬರೆದರು. ಫೋಟೋ ಲಗತ್ತಿಸಿದರು. ಉಳಿದ ಹಣವನ್ನು ಯಾವ ಲೆಕ್ಕಶೀರ್ಷಿಕೆಯಿಂದ ನಿಯಮದ ಒಳಗೇ ಕೊಡಬಹುದು ಅಂತ ಹುಡುಕಿದವರೂ ಅವರೇ. ಈಗ ಸಂಕ ಇದೆ.

ಅವರೂ ನಿಯಮ ಮೀರಲಿಲ್ಲ. ಆದರೆ ದುಡ್ಡು ಕೊಡುವುದಕ್ಕೆ ದಾರಿ ಹುಡುಕಿದರು. ನನ್ನ ಪ್ರಕಾರ ಒಳ್ಳೆಯ ಹಣಕಾಸು ಅಧಿಕಾರಿ ಅಂದರೆ ಅವರು.

ನಿವೃತ್ತ ಖಜಾನೆ

ಆಗುಂಬೆಯವರೇ, ನೀವು ಹೇಳಿದ ಅಧಿಕಾರಿಗೆ ನನ್ನ ನಮಸ್ಕಾರ. ನೀವು ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ಜಗಳ ಇದೆ ಅಂತ ನನಗೆ ಅನ್ನಿಸುವುದಿಲ್ಲ. ಅವರು ಬರೆದರಲ್ಲ, ಅದೇ ಮುಖ್ಯ. ಮಿತಿ ಯಾಕೆ ದಾಟಬೇಕು ಅಂತ ತಮ್ಮ ಹೆಸರಿನಲ್ಲಿ ಬರೆದು ಸಹಿ ಹಾಕಿದರು. ನಾಳೆ ಆಡಿಟ್ ಬಂದರೆ ಉತ್ತರ ಅಲ್ಲೇ ಇದೆ. ಕಡತವನ್ನು ಸುಮ್ನೆ ವಾಪಸ್ ಕಳಿಸುತ್ತಾ ಇದ್ದವರು ತೀರ್ಮಾನವನ್ನೇ ತೆಗೆದುಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ ಬೇಡ ಅನ್ನುವುದಕ್ಕಿಂತ ಹೀಗೆ ಎಳೆದಾಡುವುದೇ ದೊಡ್ಡ ರೋಗ. ಬೇಡ ಅಂದರೆ ಮೇಲಿನವರ ಹತ್ತಿರ ಹೋಗಬಹುದು. ವಿವರಣೆ ಕೇಳುತ್ತಾ ಕೂತರೆ ಎಲ್ಲಿಗೂ ಹೋಗುವ ಹಾಗಿಲ್ಲ.

ಕೇಂದ್ರದಲ್ಲಿ ಕೊನೆಯ ಮೂರು ತಿಂಗಳಲ್ಲಿ ಬಜೆಟ್‌ನ ಶೇ 33ಕ್ಕಿಂತ ಜಾಸ್ತಿ, ಮಾರ್ಚ್ ಒಂದರಲ್ಲೇ ಶೇ 15ಕ್ಕಿಂತ ಜಾಸ್ತಿ ಖರ್ಚು ಮಾಡಬಾರದು ಅಂತ ಮಿತಿ ಇದೆ. ಅದರ ಉದ್ದೇಶವೂ ಇಷ್ಟೇ. ಮೇ ತಿಂಗಳಲ್ಲಿ ಕಟ್ಟಬೇಕಾದ ಸಂಕದ ಕಡತ ಮಾರ್ಚ್ 31ಕ್ಕೆ ಖಜಾನೆಗೆ ಓಡಿ ಬರಬಾರದು.

ಭದ್ರಾವತಿ ಪೇಪರ್‌ಟೌನ್

ಆಗುಂಬೆಯವರು ಬರೆದದ್ದು ಓದಿ ಮನಸ್ಸು ತುಂಬಿತು. ಉಂಬಳ ಕಚ್ಚಿಸಿಕೊಂಡು ಹೋಗಿ ನೋಡುವವರು ಮೇಲಿನ ಹಂತದಲ್ಲೂ ಬೇಕು. ಅಂಥವರು ದಿಲ್ಲಿವರೆಗೆ ಹೋಗುತ್ತಾರಾ?

ಹೊಸನಗರ–ದಿಲ್ಲಿ

ಹೋಗುತ್ತಾರೆ. ರಾಜ್ಯದಲ್ಲಿ ನಿಜವಾದ ಕೆಲಸ ಮಾಡಿ ಬಂದವರ ಟಿಪ್ಪಣಿ ಓದಿದರೆ ಗೊತ್ತಾಗಿಬಿಡುತ್ತದೆ. ನಮ್ಮ ರಾಜ್ಯದ ಒಂದು ಉದಾಹರಣೆ ಅಜಯ್ ಸೇಠ್. 1987ರ ಬ್ಯಾಚ್, ಕರ್ನಾಟಕ ಕೇಡರ್. ಬೆಂಗಳೂರು ಮೆಟ್ರೊ ನಿಗಮದ ವ್ಯವಸ್ಥಾಪಕ ನಿರ್ದೇಶಕರಾಗಿದ್ದರು. ಅಲ್ಲಿಂದ 2021ರಲ್ಲಿ ಆರ್ಥಿಕ ವ್ಯವಹಾರ ಇಲಾಖೆಯ ಕಾರ್ಯದರ್ಶಿ. 2025ರಲ್ಲಿ ನಿವೃತ್ತಿಗೆ ಮುಂಚೆ ಹಣಕಾಸು ಕಾರ್ಯದರ್ಶಿ ಪದನಾಮ. ಆಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರದ ಅಧ್ಯಕ್ಷ. ಒಂದು ಮೆಟ್ರೊ ಕಂಬ ಎಬ್ಬಿಸುವುದಕ್ಕೆ ಜಾಗ, ಸಾಲ, ಗುತ್ತಿಗೆ ಅಂತ ಎಷ್ಟು ತೊಡಕಿದೆ ಅಂತ ಕಂಡವರು ಬಜೆಟ್ ಮಾಡುವ ಜಾಗಕ್ಕೆ ಹೋದರು.

ಈಚಿನ ರಿಸರ್ವ್ ಬ್ಯಾಂಕ್ ಗವರ್ನರುಗಳನ್ನೇ ನೋಡಿ. 2018ರಲ್ಲಿ ಬಂದ ಶಕ್ತಿಕಾಂತ ದಾಸ್ ತಮಿಳುನಾಡು ಕೇಡರ್, 2024ರಲ್ಲಿ ಬಂದ ಸಂಜಯ್ ಮಲ್ಹೋತ್ರಾ ರಾಜಸ್ಥಾನ ಕೇಡರ್. ಇಬ್ಬರೂ ಮೊದಲು ಕಂದಾಯ ಕಾರ್ಯದರ್ಶಿ ಆಗಿದ್ದವರು. ಟಿ.ವಿ. ಸೋಮನಾಥನ್ ಹಣಕಾಸು ಕಾರ್ಯದರ್ಶಿ ಆಗಿದ್ದು 2024ರಲ್ಲಿ ಸಂಪುಟ ಕಾರ್ಯದರ್ಶಿ ಆದರು. ಆದರೆ ತಂಗಿ, ಇವರ ಹೆಸರು ನೋಡಿ ಕುರ್ಚಿ ಲೆಕ್ಕ ಹಾಕಬೇಡ. ಇವರ ಬ್ಯಾಚಿನಲ್ಲಿದ್ದ ಉಳಿದವರು ಎಲ್ಲೆಲ್ಲೋ ಒಳ್ಳೆ ಕೆಲಸ ಮಾಡಿ ಸದ್ದಿಲ್ಲದೆ ನಿವೃತ್ತರಾಗಿದ್ದಾರೆ.

ಬಿ.ಕಾಂ. ಕೊನೆ ವರ್ಷ

ಎಲ್ಲರಿಗೂ ನಮಸ್ಕಾರ. ಟೀಚರ್ ಹೇಳಿದ ಹುಡುಗಿ ನಾನೇ. ಎಲ್ಲ ಓದಿದೆ, ಅಮ್ಮನಿಗೂ ಓದಿ ಹೇಳಿದೆ. ಅಮ್ಮ ಸಂಕದ ಕಥೆಯನ್ನು ಎರಡು ಸಲ ಓದಿಸಿದರು. ನನಗೆ ಎರಡು ಸಂದೇಹ. ಕನ್ನಡದಲ್ಲಿ ಬರೆದರೆ ನಿಜವಾಗಲೂ ಆಗುತ್ತದಾ? ಮನೆಯ ಪರಿಸ್ಥಿತಿ ನೋಡಿದರೆ ನಾಲ್ಕೈದು ವರ್ಷ ಬರೀ ಓದುತ್ತಾ ಕೂರುವ ಹಾಗಿಲ್ಲ. ಏನು ಮಾಡಲಿ?

ಶಂಕರಘಟ್ಟ ಅರ್ಥಶಾಸ್ತ್ರ

ತಂಗಿ, ಮೊದಲನೆಯದಕ್ಕೆ ಉತ್ತರ. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತದೆ. ಅಲ್ಲಿ ತಪ್ಪಿಸಿಕೊಳ್ಳುವ ಹಾಗಿಲ್ಲ, ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳಲೇಬೇಕು. ಮೇನ್ಸ್‌ನಲ್ಲಿ ಪ್ರಬಂಧ, ಸಾಮಾನ್ಯ ಅಧ್ಯಯನ ಎಲ್ಲವನ್ನೂ ಕನ್ನಡದಲ್ಲಿ ಬರೆಯಬಹುದು. ಐಚ್ಛಿಕ ವಿಷಯವಾಗಿ ಕನ್ನಡ ಸಾಹಿತ್ಯ ತೆಗೆದುಕೊಳ್ಳಬಹುದು. ವಾಣಿಜ್ಯ ಮತ್ತು ಲೆಕ್ಕಶಾಸ್ತ್ರವೂ ಐಚ್ಛಿಕದಲ್ಲಿದೆ. ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. ಮೇನ್ಸ್ 1,750, ಸಂದರ್ಶನ 275, ಒಟ್ಟು 2,025 ಅಂಕ. ಇದರ ಹೊರಗೆ ಒಂದು ಇಂಗ್ಲಿಷ್ ಪತ್ರಿಕೆ, ಒಂದು ಭಾರತೀಯ ಭಾಷೆಯ ಪತ್ರಿಕೆ ಪಾಸಾಗಬೇಕು. ಕಷ್ಟ ಇರುವುದು ಸಾಮಗ್ರಿಯಲ್ಲಿ. ಅರ್ಥವ್ಯವಸ್ಥೆ ಬಗ್ಗೆ ಕನ್ನಡದಲ್ಲಿ ಒಳ್ಳೆಯ ಪುಸ್ತಕ ಕಡಿಮೆ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸ ಈಗಲೇ ಶುರು ಮಾಡು.

ಎರಡನೆಯದು. ಸಾಮಾನ್ಯ ವರ್ಗಕ್ಕೆ 32 ವರ್ಷದವರೆಗೆ ಆರು ಅವಕಾಶ. ಹಿಂದುಳಿದ ವರ್ಗಕ್ಕೆ 35ರವರೆಗೆ ಒಂಬತ್ತು. ಪರಿಶಿಷ್ಟರಿಗೆ 37ರವರೆಗೆ ಮಿತಿಯಿಲ್ಲ. ಡಿಗ್ರಿ ಮುಗಿದ ತಕ್ಷಣ ಎಲ್ಲವನ್ನೂ ಸುರಿದುಬಿಡಬೇಕಾಗಿಲ್ಲ. ಸಿಜಿಎಲ್, ಬ್ಯಾಂಕ್, ನಮ್ಮ ಕೆಪಿಎಸ್‌ಸಿಯ ಲೆಕ್ಕಪತ್ರ, ವಾಣಿಜ್ಯ ತೆರಿಗೆ ಹುದ್ದೆಗಳು, ಇವಕ್ಕೂ ಬರಿ. ಕೆಲಸ ಸಿಕ್ಕರೆ ಸೇರು, ಸೇರಿ ಓದು. ವಾಣಿಜ್ಯ ತೆರಿಗೆ ಅಧಿಕಾರಿ ಆದರೂ ನೀನು ಮಾಡುವುದು ಇದೇ ಕೆಲಸ.

ಸಾಗರ ತೋಟದಮನೆ

ಮಗಳೇ, ಓದು. ಯಾವ ಕಡೆ ಹೋದರೂ ಚಾಲಿಗೂ ರಾಶಿಗೂ ಇರುವ ವ್ಯತ್ಯಾಸ ನಿನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದೊಂದು ಸಮಾಧಾನ ನಮಗೆ.

ನಿವೃತ್ತ ಖಜಾನೆ

ಒಂದು ಕೆಲಸ ಈ ವಾರವೇ ಮಾಡಮ್ಮ. ಕೋಚಿಂಗ್ ಪುಸ್ತಕಕ್ಕೆ ಮುಂಚೆ ರಾಜ್ಯದ ಬಜೆಟ್ ಭಾಷಣ ಓದು, ಕನ್ನಡದಲ್ಲೇ ಸಿಗುತ್ತದೆ. ವಿತ್ತೀಯ ಹೊಣೆಗಾರಿಕೆ ಕಾಯಿದೆಯನ್ನು 2002ರಲ್ಲಿ ದೇಶದಲ್ಲೇ ಮೊದಲು ತಂದದ್ದು ನಮ್ಮ ರಾಜ್ಯ. ಕೇಂದ್ರದ ಕಾಯಿದೆ ಬಂದದ್ದು 2003ರಲ್ಲಿ. ಆ ಕಾಯಿದೆ ಸಾಲಕ್ಕೆ ಹೇಗೆ ಕಡಿವಾಣ ಹಾಕುತ್ತದೆ ಅಂತ ನೋಡು. ಕೇಂದ್ರ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಹದಿನಾಲ್ಕನೇ ಹಣಕಾಸು ಆಯೋಗ ಕೊಟ್ಟ ನಮ್ಮ ಪಾಲು ಶೇ 4.713 ಇದ್ದದ್ದು ಹದಿನೈದರಲ್ಲಿ 3.647ಕ್ಕೆ ಯಾಕೆ ಇಳಿಯಿತು ಅಂತ ಹುಡುಕು. ಆಮೇಲೆ ಜಿಲ್ಲಾ ಪಂಚಾಯ್ತಿಯ ಲಿಂಕ್ ಡಾಕ್ಯುಮೆಂಟ್ ಅಂತ ಒಂದು ಪುಸ್ತಕ ಇದೆ. ಯಾವ ಇಲಾಖೆಯ ಯಾವ ಕೆಲಸಕ್ಕೆ ನಮ್ಮ ಜಿಲ್ಲೆಗೆ ಎಷ್ಟು ಅಂತ ಅದರಲ್ಲಿದೆ.

ಬಿ.ಕಾಂ. ಕೊನೆ ವರ್ಷ

ಸರ್, ಹಣಕಾಸು ಇಲಾಖೆಯ ವೆಬ್‌ಸೈಟಿನಲ್ಲಿ ಲಿಂಕ್ ಡಾಕ್ಯುಮೆಂಟ್ ಸಿಕ್ಕಿತು. ಶಿವಮೊಗ್ಗದ ಪುಟ ತೆಗೆದಿದ್ದೇನೆ. ಲೆಕ್ಕಶೀರ್ಷಿಕೆಯ ಉದ್ದ ಸಂಖ್ಯೆ ಓದುವುದು ಹೇಗೆ ಅಂತ ಗೊತ್ತಾಗಲಿಲ್ಲ. ಶುರುವಿನ ನಾಲ್ಕು ಅಂಕೆ ಯಾವುದಕ್ಕೆ?

ನಿವೃತ್ತ ಖಜಾನೆ

ಆ ನಾಲ್ಕು ಅಂಕೆ ಪ್ರಧಾನ ಲೆಕ್ಕಶೀರ್ಷಿಕೆ. 2202 ಅಂದರೆ ಸಾಮಾನ್ಯ ಶಿಕ್ಷಣ, 2210 ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯ. 2 ಅಥವಾ 3ರಿಂದ ಶುರುವಾದರೆ ರಾಜಸ್ವ ವೆಚ್ಚ, ಅಂದರೆ ಸಂಬಳ, ರಿಪೇರಿ ಇಂಥದ್ದು. 4 ಅಥವಾ 5ರಿಂದ ಶುರುವಾದರೆ ಬಂಡವಾಳ ವೆಚ್ಚ, ಹೊಸದಾಗಿ ಕಟ್ಟುವುದು. ಮುಂದಿನ ಎರಡು ಅಂಕೆ ಉಪ ಪ್ರಧಾನ ಶೀರ್ಷಿಕೆ, ಅದರ ಮುಂದಿನ ಮೂರು ಕಿರು ಶೀರ್ಷಿಕೆ. ಭಾನುವಾರ ಸಂಜೆ ಟೀಚರಮ್ಮನ ಜೊತೆ ನಮ್ಮ ಮನೆಗೆ ಬಾ. ಆ ಪುಟಗಳ ಪ್ರಿಂಟ್ ತೆಗೆದುಕೊಂಡು ಬಾ, ಕೂತು ಓದೋಣ.